ಆಟದ ಪೆಟ್ಟಿಗೆಯನ್ನು ಒರೆಗೆ ಹಚ್ಚಿದ ಕಥೆ

ಕೊಡ್ಲಿ, ಸೇಡಂ, ಚಿತ್ತಾಪುರ, ವಾಡಿ, ಶಹಾಬಾದ, ಚಿಂಚೋಳಿ ಸೀಮೆಯ ಓದುಗರಿಗೆ ಕಲ್ಲಿನ ವಿಷಯವನ್ನು ಹೊಸದಾಗಿ ಹೇಳಬೇಕಾಗಿಲ್ಲ. ನೀವು ನಡೆದಾಡುವ ನೆಲ ಪರಸಿ ಕಲ್ಲಿನದು. ಹಳೆಯ ಮನೆಗಳಲ್ಲಿ ನೆತ್ತಿಯ ಮೇಲಿನ ಹಾಸೂ ಅದೇ. ಸುಣ್ಣಕಲ್ಲು ಇರುವುದರಿಂದಲೇ ಇಲ್ಲಿ ಸಿಮೆಂಟ್ ಕಾರ್ಖಾನೆಗಳು ಬಂದವು. ಆದರೆ ಕಲ್ಲಿಗೆ ಇನ್ನೂ ಒಂದು ಕೆಲಸವಿದೆ. ಅದು ಅಳೆಯುವ ಕೆಲಸ. ಅಕ್ಕಸಾಲಿಗ ಚಿನ್ನವನ್ನು ಒರೆಗಲ್ಲಿಗೆ ಉಜ್ಜಿ ನೋಡುತ್ತಾನೆ. ಭೂಮಾಪನದವರು ಬಂಡೆಯಲ್ಲಿ ಅಡ್ಡಗೆರೆ ಕೊರೆದು, ಅಲ್ಲಿಂದ ಸುತ್ತಲಿನ ನೆಲದ ಎತ್ತರ ತಗ್ಗುಗಳನ್ನು ಲೆಕ್ಕ ಹಾಕುತ್ತಾರೆ. ಹಾಗೆ ಕೊರೆದ ಗುರುತಿಗೇ ಇಂಗ್ಲಿಷಿನಲ್ಲಿ 'ಬೆಂಚ್‌ಮಾರ್ಕ್' ಎಂದು ಹೆಸರು. ವಾಡಿ ಜಂಕ್ಷನ್ನಿನಲ್ಲಿ ರೈಲು ಕಾಯುತ್ತ ನಿಂತಾಗ ನಾಮಫಲಕದಲ್ಲಿ ಸಮುದ್ರಮಟ್ಟದಿಂದ ಇಷ್ಟು ಎತ್ತರ ಎಂಬ ಬರಹವನ್ನು ನೀವು ನೋಡಿರಬಹುದು. ಆ ಅಂಕಿಯ ಹಿಂದೆಯೂ ಇಂಥ ಗುರುತುಗಳ ಸಾಲೊಂದಿದೆ.

ಇದೇ ಹೆಸರು ಮುಂದೆ ಗಣಕಯಂತ್ರಗಳ ಲೋಕಕ್ಕೂ ಬಂತು. ಒಂದು ಯಂತ್ರ ಇನ್ನೊಂದಕ್ಕಿಂತ ಎಷ್ಟು ವೇಗದ್ದು ಎಂದು ತಿಳಿಯಲು ಎರಡಕ್ಕೂ ಒಂದೇ ಲೆಕ್ಕ ಕೊಟ್ಟು, ಎಷ್ಟು ಹೊತ್ತಿನಲ್ಲಿ ಮುಗಿಸುತ್ತವೆ ಎಂದು ನೋಡುವುದು; ಇದೇ ಬೆಂಚ್‌ಮಾರ್ಕ್ ಪರೀಕ್ಷೆ. ಮಕ್ಕಳು ಆಡಲೆಂದು ಮಾಡಿದ ಒಂದು ಪೆಟ್ಟಿಗೆಯನ್ನು ಜನ ಹೀಗೆ ಒರೆಗೆ ಹಚ್ಚಿದರು. ಅದರೊಳಗೆ ಮಹಾಗಣಕದ ಬಲವಿರುವುದು ಕಂಡುಬಂತು. ಕೊನೆಗೊಂದು ದಿನ ಆ ಪೆಟ್ಟಿಗೆಯ ಬಾಗಿಲೇ ಮುಚ್ಚಿಹೋಯಿತು. ಈ ಕಥೆಯನ್ನು ತಿಳಿದುಕೊಳ್ಳುವುದು ಇಂದು ಕೈಯಲ್ಲೊಂದು ಮೊಬೈಲ್ ಇರುವ ಪ್ರತಿಯೊಬ್ಬರಿಗೂ ಉಪಯುಕ್ತ.

ಮಳಖೇಡದ ಲೆಕ್ಕ

ಕಥೆಯನ್ನು ದೂರದಿಂದ ಆರಂಭಿಸಬೇಕಾಗಿಲ್ಲ. ಸೇಡಂ ತಾಲ್ಲೂಕಿನ ಮಳಖೇಡ, ಅಂದರೆ ರಾಷ್ಟ್ರಕೂಟರ ಮಾನ್ಯಖೇಟ, ಕಾಗಿಣಾ ನದಿಯ ದಂಡೆಯಲ್ಲಿದೆ. 9ನೆಯ ಶತಮಾನದಲ್ಲಿ ಅಮೋಘವರ್ಷ ನೃಪತುಂಗನ ಕಾಲದಲ್ಲಿದ್ದ ಮಹಾವೀರಾಚಾರ್ಯ 'ಗಣಿತಸಾರಸಂಗ್ರಹ' ಎಂಬ ಸಂಸ್ಕೃತ ಗ್ರಂಥವನ್ನು ರಚಿಸಿದ. ಅದರಲ್ಲಿ ಬರುವ ಒಂದು ಲೆಕ್ಕದ ಸಾರಾಂಶ ಹೀಗಿದೆ: 9 ಮಾದಳ ಹಣ್ಣು ಮತ್ತು 7 ಬೇಲದ ಹಣ್ಣುಗಳ ಬೆಲೆ ಒಟ್ಟು 107, 7 ಮಾದಳ ಮತ್ತು 9 ಬೇಲದ ಹಣ್ಣುಗಳ ಬೆಲೆ 101, ಹಾಗಾದರೆ ಒಂದೊಂದರ ಬೆಲೆ ಎಷ್ಟು? ಕಾಗದ ತೆಗೆದುಕೊಂಡು ನೀವೇ ಬಿಡಿಸಿ ನೋಡಿ. ಎರಡು ಮೊತ್ತಗಳನ್ನು ಕೂಡಿಸಿದರೆ 208. ಅದನ್ನು 16ರಿಂದ ಭಾಗಿಸಿದರೆ ಒಂದು ಮಾದಳ, ಒಂದು ಬೇಲ ಸೇರಿ 13. ಕಳೆದರೆ 6, ಅದರ ಅರ್ಧ 3 ಎರಡು ಬೆಲೆಗಳ ನಡುವಿನ ವ್ಯತ್ಯಾಸ. ಹಾಗಾಗಿ ಮಾದಳ 8, ಬೇಲ 5.

ಇಲ್ಲಿ ಗೊತ್ತಿಲ್ಲದ ಸಂಖ್ಯೆಗಳು ಎರಡು. ಅವು ಎರಡು ಸಾವಿರವಾದರೆ? ಸೇತುವೆ ಕಟ್ಟುವಾಗ, ವಿಮಾನದ ರೆಕ್ಕೆಯ ಮೇಲಿನ ಗಾಳಿಯ ಹರಿವನ್ನು ತಿಳಿಯುವಾಗ, ಹವಾಮಾನವನ್ನು ಮುನ್ಸೂಚಿಸುವಾಗ ಸಾವಿರ, ಲಕ್ಷ ಅವ್ಯಕ್ತಗಳಿರುವ ಸಮೀಕರಣಗಳನ್ನು ಒಟ್ಟಿಗೆ ಬಿಡಿಸಬೇಕಾಗುತ್ತದೆ. ಅವ್ಯಕ್ತಗಳು ಎರಡು ಪಟ್ಟಾದರೆ ಕೆಲಸ ಸುಮಾರು ಎಂಟು ಪಟ್ಟಾಗುತ್ತದೆ. ಸಾವಿರ ಅವ್ಯಕ್ತಗಳಿಗೆ ಬೇಕಾಗುವ ಕೂಡುವ, ಗುಣಿಸುವ ಕ್ರಿಯೆಗಳು ಸುಮಾರು 67 ಕೋಟಿ. ಅಮೆರಿಕದ ಜ್ಯಾಕ್ ಡೊಂಗಾರ ಮತ್ತು ಅವರ ಸಂಗಡಿಗರು ಇಂಥ ಲೆಕ್ಕಗಳಿಗಾಗಿ 'ಲಿನ್‌ಪ್ಯಾಕ್' ಎಂಬ ಕ್ರಮವಿಧಿಗಳ ಸಂಗ್ರಹವನ್ನು ಸಿದ್ಧಪಡಿಸಿದರು. 1979ರಲ್ಲಿ ಅದರ ಕೈಪಿಡಿಗೆ ಅನುಬಂಧವಾಗಿ, ಯಾವ ಯಂತ್ರ ಎಷ್ಟು ಹೊತ್ತು ತೆಗೆದುಕೊಂಡಿತು ಎಂಬ ಪಟ್ಟಿಯನ್ನು ಸೇರಿಸಲಾಯಿತು. ಆ ಅನುಬಂಧವೇ ಮುಂದೆ ಪ್ರಪಂಚದ ಮಹಾಗಣಕಗಳ ಒರೆಗಲ್ಲಾಯಿತು. 1993ರಿಂದ ವರ್ಷಕ್ಕೆರಡು ಬಾರಿ ಪ್ರಕಟವಾಗುತ್ತಿರುವ 500 ಮಹಾಗಣಕಗಳ ಪಟ್ಟಿ ಇದೇ ಲೆಕ್ಕವನ್ನು ಆಧರಿಸಿದೆ. ಮಳಖೇಡದ ಹಣ್ಣಿನ ಲೆಕ್ಕಕ್ಕೂ ಇದಕ್ಕೂ ಜಾತಿ ಒಂದೇ, ಗಾತ್ರ ಮಾತ್ರ ಬೇರೆ.

ಸಾಣೆಕಲ್ಲು ಮತ್ತು ಅದರ ಸೋದರರು

ಲಿನ್‌ಪ್ಯಾಕಿಗಿಂತ ಮುಂಚಿನ ಪರೀಕ್ಷೆಯೊಂದರ ಹೆಸರು 'ವೆಟ್‌ಸ್ಟೋನ್'. ಕನ್ನಡದಲ್ಲಿ ಹೇಳುವುದಾದರೆ ಸಾಣೆಕಲ್ಲು. ಆದರೆ ಹೆಸರು ಬಂದದ್ದು ಕಲ್ಲಿನಿಂದಲ್ಲ, ಇಂಗ್ಲೆಂಡಿನ ಲೆಸ್ಟರ್‌ಶೈರಿನ ಒಂದು ಊರಿನಿಂದ. ಇದಕ್ಕೆ ಮೂಲವಾದ ಗಣಕಭಾಷೆಯ ತಂತ್ರಾಂಶ ಅಲ್ಲಿ ಸಿದ್ಧವಾಗಿತ್ತು. 1972ರಲ್ಲಿ ರೂಪುಗೊಂಡ ಈ ಪರೀಕ್ಷೆಯ ವಿವರವನ್ನು ಕರ್ನೋ ಮತ್ತು ವಿಚ್‌ಮನ್ ಎಂಬುವರು 1976ರಲ್ಲಿ ಪ್ರಕಟಿಸಿದರು. 1984ರಲ್ಲಿ ರೈನ್‌ಹೋಲ್ಡ್ ವೈಕರ್ ಎಂಬುವರು 'ಡ್ರೈಸ್ಟೋನ್' ಎಂಬ ಇನ್ನೊಂದನ್ನು ರಚಿಸಿದರು. ಮೊದಲನೆಯ ಹೆಸರು ಇಂಗ್ಲಿಷಿನಲ್ಲಿ ಒದ್ದೆ ಕಲ್ಲು ಎಂದೂ ಕೇಳಿಸುವುದರಿಂದ ಎರಡನೆಯದನ್ನು ತಮಾಷೆಗೆ ಒಣ ಕಲ್ಲು ಎಂದು ಕರೆದರು.

ಅಳತೆ ಬಂದಲ್ಲಿ ಅಳತೆಯ ಮೋಸವೂ ಬರುತ್ತದೆ. ತೂಕದ ಕಟ್ಟೆಯ ಮುಂದೆ ತೊಗರಿ ಚೀಲ ಇಳಿಸಿದ ಯಾವ ರೈತನಿಗೂ ಇದು ಗೊತ್ತಿರುವ ಸಂಗತಿ. 1989ರ ಸುಮಾರಿಗೆ ಗಣಕ ತಯಾರಕರ ಒಕ್ಕೂಟವಾದ ಸ್ಪೆಕ್ ಸಂಸ್ಥೆ ಹತ್ತು ಪರೀಕ್ಷೆಗಳ ಒಂದು ಗುಂಪನ್ನು ಹೊರತಂದಿತು. ಅವುಗಳಲ್ಲಿ ಒಂದನ್ನು ತಂತ್ರಾಂಶ ತಯಾರಕರು ಎಷ್ಟು ಚೆನ್ನಾಗಿ ಅಭ್ಯಾಸ ಮಾಡಿಕೊಂಡರೆಂದರೆ, ಆ ಒಂದು ಲೆಕ್ಕ ಮಾತ್ರ ಹಲವು ಪಟ್ಟು ವೇಗವಾಗಿ ಓಡುವಂತಾಯಿತು. ಉಳಿದ ಕೆಲಸಗಳು ಇದ್ದಂತೆಯೇ ಇದ್ದವು. ಕೊನೆಗೆ 1992ರ ಗುಂಪಿನಿಂದ ಆ ಪರೀಕ್ಷೆಯನ್ನೇ ಕೈಬಿಡಬೇಕಾಯಿತು. ಪ್ರಶ್ನೆಪತ್ರಿಕೆ ಮೊದಲೇ ತಿಳಿದ ವಿದ್ಯಾರ್ಥಿಯ ಅಂಕದಂತೆ ಇದು. ಅಂಕ ನಿಜ, ವಿದ್ಯೆ ನಿಜವಲ್ಲ.

ಆಟದ ಪೆಟ್ಟಿಗೆಗೆ ಲಿನಕ್ಸ್

ಈಗ ಪೆಟ್ಟಿಗೆಯ ಮಾತಿಗೆ ಬರೋಣ. ದೂರದರ್ಶನ ಈ ಭಾಗಕ್ಕೆ ಬಂದ ಬಗೆಯನ್ನು ಹಿರಿಯರು ಮರೆತಿರಲಾರರು. 1975ರ ಆಗಸ್ಟ್ 1ರಿಂದ ಒಂದು ವರ್ಷ ಕಾಲ ನಡೆದ ಉಪಗ್ರಹ ಬೋಧನಾ ಪ್ರಯೋಗದಲ್ಲಿ ಆರು ರಾಜ್ಯಗಳ ಸುಮಾರು 2,400 ಹಳ್ಳಿಗಳಿಗೆ ಟಿ.ವಿ. ಪೆಟ್ಟಿಗೆಗಳು ಬಂದವು. ಕರ್ನಾಟಕದಲ್ಲಿ ಅಂದಿನ ಗುಲಬರ್ಗಾ, ರಾಯಚೂರು, ವಿಜಾಪುರ ಜಿಲ್ಲೆಗಳ ಹಳ್ಳಿಗಳು ಅದರಲ್ಲಿದ್ದವು. ಊರಿನ ಜನರೆಲ್ಲ ಒಂದೆಡೆ ಕುಳಿತು ನೋಡುತ್ತಿದ್ದರು. ಆ ಪೆಟ್ಟಿಗೆ ತೋರಿಸಿದ್ದನ್ನು ನಾವು ನೋಡಬಹುದಿತ್ತು. ನಾವು ಹೇಳಿದ್ದನ್ನು ಅದು ಮಾಡುತ್ತಿರಲಿಲ್ಲ. ಟಿ.ವಿ.ಗೆ ಜೋಡಿಸುವ ಆಟದ ಪೆಟ್ಟಿಗೆಯೂ ಹೆಚ್ಚು ಕಡಿಮೆ ಹಾಗೆಯೇ. ಒಳಗೆ ಪೂರ್ಣ ಗಣಕಯಂತ್ರವೇ ಇದ್ದರೂ, ಕಂಪನಿ ಒಪ್ಪಿದ ಆಟಗಳನ್ನು ಬಿಟ್ಟು ಬೇರೇನನ್ನೂ ಅದು ನಡೆಸುವುದಿಲ್ಲ.

ಲಿನಕ್ಸ್ ಇದಕ್ಕೆ ವಿರುದ್ಧ ಸ್ವಭಾವದ್ದು. ಫಿನ್ಲೆಂಡಿನ ವಿದ್ಯಾರ್ಥಿ ಲೀನಸ್ ಟೋರ್ವಾಲ್ಡ್ಸ್ 1991ರಲ್ಲಿ ಆರಂಭಿಸಿದ ಈ ಕಾರ್ಯಾಚರಣಾ ವ್ಯವಸ್ಥೆಯ ಮೂಲ ಬರಹವನ್ನು ಯಾರು ಬೇಕಾದರೂ ಓದಬಹುದು, ತಿದ್ದಬಹುದು, ಹೊಸ ಯಂತ್ರಕ್ಕೆ ಹೊಂದಿಸಬಹುದು. ಅದರಲ್ಲೊಂದು ವಿನೋದವೂ ಇದೆ. ಲಿನಕ್ಸ್ ಎದ್ದು ಕೂರುವಾಗ ಪ್ರೊಸೆಸರಿನ ವೇಗವನ್ನು ಒರಟಾಗಿ ಅಂದಾಜು ಮಾಡಿ 'ಬೋಗೋಮಿಪ್ಸ್' ಎಂಬ ಅಂಕಿಯನ್ನು ತೋರಿಸುತ್ತದೆ. ಬೋಗೋ ಎಂದರೆ ಹುಸಿ. ಇದನ್ನು ನಂಬಿ ಯಂತ್ರ ಯಂತ್ರಗಳನ್ನು ಹೋಲಿಸಬೇಡಿ ಎಂಬ ಎಚ್ಚರಿಕೆ ಅದರ ಹೆಸರಿನಲ್ಲೇ ಇದೆ. ತನ್ನ ಅಳತೆಯನ್ನು ತಾನೇ ಹುಸಿ ಎಂದು ಕರೆದುಕೊಳ್ಳುವ ಪ್ರಾಮಾಣಿಕತೆ ವ್ಯಾಪಾರದ ಲೋಕದಲ್ಲಿ ಅಪರೂಪ.

2002ರಲ್ಲಿ ಜಪಾನಿನ ಸೋನಿ ಕಂಪನಿ ತನ್ನ ಪ್ಲೇಸ್ಟೇಷನ್ 2 ಪೆಟ್ಟಿಗೆಗೆ ಲಿನಕ್ಸ್ ಜೋಡಣೆಯೊಂದನ್ನು ಅಮೆರಿಕ, ಯೂರೋಪುಗಳಲ್ಲಿ ಮಾರಾಟಕ್ಕೆ ತಂದಿತು. ಅದರಲ್ಲಿ 40 ಗಿಗಾಬೈಟ್ ಹಾರ್ಡ್ ಡಿಸ್ಕ್, ಕೀಬೋರ್ಡ್, ಮೌಸ್, ಜಾಲಕ್ಕೆ ಜೋಡಿಸುವ ಸಾಧನ ಇದ್ದವು. ಪೆಟ್ಟಿಗೆಯ ಪ್ರೊಸೆಸರ್ ಸೆಕೆಂಡಿಗೆ 620 ಕೋಟಿ ದಶಮಾಂಶ ಕ್ರಿಯೆಗಳನ್ನು ಮಾಡಬಲ್ಲದು ಎಂಬುದು ಕಾಗದದ ಮೇಲಿನ ಲೆಕ್ಕ. 2003ರಲ್ಲಿ ಅಮೆರಿಕದ ಇಲಿನಾಯ್ ವಿಶ್ವವಿದ್ಯಾಲಯದ ಮಹಾಗಣಕ ಕೇಂದ್ರದವರು ಇಂಥ ಸುಮಾರು 70 ಪೆಟ್ಟಿಗೆಗಳನ್ನು ಒಂದಕ್ಕೊಂದು ಜೋಡಿಸಿ ಪ್ರಯೋಗ ನಡೆಸಿದರು. ಆದರೆ ಪ್ರತಿ ಪೆಟ್ಟಿಗೆಯ ಸ್ಮೃತಿ 32 ಮೆಗಾಬೈಟ್ ಮಾತ್ರ. ಎತ್ತು ಬಲವಾಗಿದ್ದರೂ ಬಂಡಿ ಚಿಕ್ಕದಾಗಿತ್ತು.

ಒಬ್ಬ ಮೇಸ್ತ್ರಿ, ಆರು ಆಳು

2006ರ ನವೆಂಬರಿನಲ್ಲಿ ಪ್ಲೇಸ್ಟೇಷನ್ 3 ಬಂತು. ಇದರೊಳಗಿನ 'ಸೆಲ್' ಎಂಬ ಪ್ರೊಸೆಸರನ್ನು ಸೋನಿ, ತೋಷಿಬಾ, ಐಬಿಎಂ ಕಂಪನಿಗಳು ಕೂಡಿ ರೂಪಿಸಿದ್ದವು. ಬೇರೆ ಕಾರ್ಯಾಚರಣಾ ವ್ಯವಸ್ಥೆಯನ್ನು ಹಾಕಿಕೊಳ್ಳುವ ಅವಕಾಶವನ್ನು ಕಂಪನಿಯೇ ಪೆಟ್ಟಿಗೆಯ ಪಟ್ಟಿಯಲ್ಲಿ ಕೊಟ್ಟಿತ್ತು. ಹಾರ್ಡ್ ಡಿಸ್ಕಿನಲ್ಲಿ ಒಂದಿಷ್ಟು ಜಾಗ ಬಿಟ್ಟುಕೊಟ್ಟು ಲಿನಕ್ಸ್ ಹಾಕಿದರೆ ಸಾಕು, ಆಟದ ಪೆಟ್ಟಿಗೆ ಗಣಕವಾಗುತ್ತಿತ್ತು.

ಸೆಲ್ ಹೇಗೆ ಕೆಲಸ ಮಾಡುತ್ತದೆಂದು ತಿಳಿಯಲು ಶಹಾಬಾದದ ಕಲ್ಲಿನ ಗಣಿಯೊಂದನ್ನು ಮನಸ್ಸಿಗೆ ತಂದುಕೊಳ್ಳಿ. ಒಬ್ಬ ಮೇಸ್ತ್ರಿ, ಅವನ ಕೈಕೆಳಗೆ ಕಲ್ಲು ಒಡೆಯುವ ಆಳುಗಳು. ಸೆಲ್‌ನಲ್ಲಿ ಮೇಸ್ತ್ರಿಯಂಥ ಮುಖ್ಯ ಘಟಕ ಒಂದು; ಆಳುಗಳಂಥ ಸಹಾಯಕ ಘಟಕಗಳು ಎಂಟು. ಎಂಟರಲ್ಲಿ ಒಂದನ್ನು ತಯಾರಿಕೆಯಲ್ಲೇ ನಿಲ್ಲಿಸಲಾಗುತ್ತಿತ್ತು, ಇನ್ನೊಂದನ್ನು ಕಂಪನಿಯ ಕಾವಲು ತಂತ್ರಾಂಶ ಇಟ್ಟುಕೊಳ್ಳುತ್ತಿತ್ತು. ಲಿನಕ್ಸಿಗೆ ಸಿಗುತ್ತಿದ್ದುದು ಆರು. ಚಿತ್ರ ಬಿಡಿಸುವ ಪ್ರತ್ಯೇಕ ಚಿಪ್ಪನ್ನಂತೂ ಲಿನಕ್ಸ್ ನೇರವಾಗಿ ಮುಟ್ಟುವಂತಿರಲಿಲ್ಲ. ಈ ಆಳುಗಳಿಗೆ ದೂರದ ರಾಶಿಯಿಂದ ತಾವಾಗಿ ಕಲ್ಲು ತಂದುಕೊಳ್ಳುವ ಅಭ್ಯಾಸವಿಲ್ಲ. ಪ್ರತಿಯೊಬ್ಬನ ಪಕ್ಕದಲ್ಲಿ 256 ಕಿಲೋಬೈಟಿನ ಒಂದು ಪುಟ್ಟ ಬುಟ್ಟಿ. ಕಾರ್ಯಕ್ರಮ ಬರೆಯುವವನೇ ಆ ಬುಟ್ಟಿಗೆ ಹೊತ್ತಿಗೆ ಸರಿಯಾಗಿ ಕಲ್ಲು ತುಂಬಿಸುವ, ಒಡೆದದ್ದನ್ನು ಸಾಗಿಸುವ ಏರ್ಪಾಟು ಮಾಡಬೇಕು.

ಪೆಟ್ಟಿಗೆ ಕೊಂಡ ಉತ್ಸಾಹಿಗಳು ಲಿನಕ್ಸ್ ಹಾಕಿ, ಸಾಮಾನ್ಯ ಗಣಕಗಳಿಗೆಂದು ಬರೆದ ಬೆಂಚ್‌ಮಾರ್ಕುಗಳನ್ನು ಓಡಿಸಿದಾಗ ಬೆಪ್ಪಾದರು. 3.2 ಗಿಗಾಹರ್ಟ್ಸ್ ಎಂದು ಹೆಸರಾಗಿದ್ದ ಯಂತ್ರ ಹಳೆಯ ಮೇಜಿನ ಗಣಕಗಳಿಗಿಂತಲೂ ಹಿಂದೆ ಬೀಳುತ್ತಿತ್ತು. ಕಾರಣ ಸರಳ. ಆ ಪರೀಕ್ಷೆಗಳಿಗೆ ಗೊತ್ತಿದ್ದುದು ಮೇಸ್ತ್ರಿಯೊಬ್ಬನೇ. ಅವನ ಕೈಗೆ ಸುತ್ತಿಗೆ ಕೊಟ್ಟು ವೇಗ ನೋಡಿದರು. ಆರು ಆಳುಗಳು ಕೈಕಟ್ಟಿ ಕುಳಿತಿದ್ದರು. ಸುಳ್ಳು ಹೇಳಿದ್ದು ಯಂತ್ರವಲ್ಲ, ಒರೆಗಲ್ಲೂ ಅಲ್ಲ. ಕೇಳಿದ ಪ್ರಶ್ನೆಯೇ ಬೇರೆಯಾಗಿತ್ತು.

ಸರಿಯಾದ ಪ್ರಶ್ನೆ ಕೇಳಿದವರು ಟೆನೆಸೀ ವಿಶ್ವವಿದ್ಯಾಲಯದಲ್ಲಿದ್ದ ಅದೇ ಡೊಂಗಾರ ಮತ್ತು ಅವರ ಸಹೋದ್ಯೋಗಿಗಳು. 2007ರಲ್ಲಿ ಅವರು ಪ್ಲೇಸ್ಟೇಷನ್ 3ರಲ್ಲಿ ವೈಜ್ಞಾನಿಕ ಗಣನೆ ಮಾಡುವ ಬಗೆಯನ್ನು ಕುರಿತು ಒಂದು ಮಾರ್ಗದರ್ಶಿಯನ್ನೇ ಬರೆದರು. ಅವರು ಎದುರಿಸಿದ ಅಂಕಿಗಳನ್ನು ನೀವೂ ನೋಡಿ. ಸುಮಾರು ಏಳು ಅಂಕಿಗಳಷ್ಟು ನಿಖರತೆ ಸಾಕೆಂದರೆ ಒಂದೊಂದು ಸಹಾಯಕ ಘಟಕ ಸೆಕೆಂಡಿಗೆ 2,560 ಕೋಟಿ ಕ್ರಿಯೆ ಮಾಡಬಲ್ಲದು. ಆರೂ ಸೇರಿ 15,360 ಕೋಟಿ. ವಿಜ್ಞಾನಿಗಳಿಗೆ ಬೇಕಾದ ಹದಿನೈದು ಅಂಕಿಗಳ ನಿಖರತೆ ಬೇಕೆಂದರೆ ಒಂದೊಂದರ ವೇಗ 183 ಕೋಟಿಗೆ ಇಳಿಯುತ್ತದೆ. ಆರೂ ಸೇರಿ ಸುಮಾರು 1,100 ಕೋಟಿ. ಅಂದರೆ ಹದಿನಾಲ್ಕು ಪಟ್ಟು ಇಳಿಕೆ. ಆಟದ ಚಿತ್ರಗಳಿಗೆ ಏಳು ಅಂಕಿ ಧಾರಾಳವಾಗಿ ಸಾಕಾಗುವುದರಿಂದ ಅದನ್ನು ಹಾಗೆ ರೂಪಿಸಲಾಗಿತ್ತು.

ಇದಕ್ಕೆ ಅವರು ಬಳಸಿದ ಉಪಾಯ ನಮ್ಮ ಕಲ್ಲಿನ ಕೆಲಸದವರಿಗೆ ತಿಳಿದಿರುವಂಥದೇ. ಕಲ್ಲನ್ನು ಮೊದಲು ಒರಟಾಗಿ ಒಡೆದು ಆಕಾರಕ್ಕೆ ತಂದು, ಆಮೇಲೆ ಉಜ್ಜಿ ನಯ ಮಾಡುವುದಿಲ್ಲವೇ? ಹಾಗೆಯೇ ಲೆಕ್ಕದ ಭಾರವಾದ ಪಾಲನ್ನು ಕಡಿಮೆ ನಿಖರತೆಯಲ್ಲಿ ಬೇಗ ಮುಗಿಸಿ, ಬಂದ ಉತ್ತರದಲ್ಲಿ ಉಳಿದ ತಪ್ಪನ್ನು ಹೆಚ್ಚು ನಿಖರತೆಯಲ್ಲಿ ಅಳೆದು, ತಿದ್ದುತ್ತ ಹೋಗುವುದು. ತಿದ್ದುವ ಕೆಲಸ ಚಿಕ್ಕದಾದ್ದರಿಂದ ಹೆಚ್ಚು ಸಮಯ ತಗಲುವುದಿಲ್ಲ. ಈ ಉಪಾಯದಿಂದ ಪೆಟ್ಟಿಗೆಯ ನಿಜವಾದ ಬಲ ಬೆಳಕಿಗೆ ಬಂತು.

ಅದರ ಕೊರತೆಗಳನ್ನೂ ಅವರು ಮುಚ್ಚಿಡಲಿಲ್ಲ. ಮುಖ್ಯ ಸ್ಮೃತಿ 256 ಮೆಗಾಬೈಟ್ ಮಾತ್ರ. 5,000 ಅವ್ಯಕ್ತಗಳ ಲೆಕ್ಕದಲ್ಲಿ 2.5 ಕೋಟಿ ಸಂಖ್ಯೆಗಳಿರುತ್ತವೆ. ಒಂದೊಂದಕ್ಕೆ ಎಂಟು ಬೈಟ್ ಹಿಡಿದರೆ ಅಲ್ಲಿಗೇ 200 ಮೆಗಾಬೈಟ್ ತುಂಬಿತು. ದೊಡ್ಡ ಲೆಕ್ಕಕ್ಕೆ ಹಲವು ಪೆಟ್ಟಿಗೆಗಳನ್ನು ಜೋಡಿಸೋಣವೆಂದರೆ ನಡುವಿನ ಜಾಲದ ದಾರಿ ಒಳಗಿನ ದಾರಿಗಿಂತ ಸುಮಾರು ಇನ್ನೂರು ಪಟ್ಟು ಕಿರಿದು. ಆಳುಗಳು ವೇಗದವರಾದರೂ ಗಣಿಯಿಂದ ಗಣಿಗೆ ಕಲ್ಲು ಸಾಗಿಸುವ ಹಾದಿ ಕಾಲುದಾರಿಯಾಗಿತ್ತು.

ಆಟಿಕೆಯಿಂದ ಮಹಾಗಣಕಕ್ಕೆ

ಮಾತು ಕಡಿಮೆ, ಲೆಕ್ಕ ಹೆಚ್ಚು ಇರುವ ಕೆಲಸಗಳಿಗೆ ಈ ಪೆಟ್ಟಿಗೆ ಹೇಳಿ ಮಾಡಿಸಿದಂತಿತ್ತು. 2007ರಲ್ಲಿ ಮ್ಯಾಸಚೂಸೆಟ್ಸ್ ವಿಶ್ವವಿದ್ಯಾಲಯದ ಡಾರ್ಟ್‌ಮತ್ ವಿಭಾಗದ ಭೌತವಿಜ್ಞಾನಿ ಗೌರವ್ ಖನ್ನಾ ಎಂಟು ಪೆಟ್ಟಿಗೆಗಳನ್ನು ಜೋಡಿಸಿ, ಕಪ್ಪು ಕುಳಿಗಳಿಂದ ಹೊಮ್ಮುವ ಗುರುತ್ವದ ಅಲೆಗಳ ಲೆಕ್ಕ ಮಾಡಿದರು. 2008ರ ಡಿಸೆಂಬರಿನಲ್ಲಿ ಸಂಶೋಧಕರ ತಂಡವೊಂದು ಸ್ವಿಟ್ಜರ್ಲೆಂಡಿನಲ್ಲಿದ್ದ ಸುಮಾರು 200 ಪೆಟ್ಟಿಗೆಗಳ ನೆರವಿನಿಂದ, ಅಂತರಜಾಲದಲ್ಲಿ ನಂಬಿಕೆಗೆ ಆಧಾರವಾಗಿದ್ದ ಒಂದು ಹಳೆಯ ಸಹಿ ಪದ್ಧತಿ ನಕಲಿಗೆ ಈಡಾಗಬಲ್ಲದು ಎಂದು ತೋರಿಸಿಕೊಟ್ಟಿತು. 2010ರಲ್ಲಿ ಅಮೆರಿಕದ ವಾಯುಪಡೆಯ ಪ್ರಯೋಗಾಲಯ 1,700ಕ್ಕೂ ಹೆಚ್ಚು ಪೆಟ್ಟಿಗೆಗಳ 'ಕಾಂಡೋರ್' ಸಮೂಹವನ್ನು ಕಟ್ಟಿತು.

ಸೆಲ್ ಪ್ರೊಸೆಸರಿನ ಸುಧಾರಿತ ರೂಪ ಇನ್ನೂ ಮುಂದೆ ಹೋಯಿತು. ಹದಿನೈದು ಅಂಕಿಗಳ ಲೆಕ್ಕದಲ್ಲಿದ್ದ ನಿಧಾನವನ್ನು ಐಬಿಎಂ ಸರಿಪಡಿಸಿ, 12,960 ಅಂಥ ಚಿಪ್ಪುಗಳನ್ನು ಬಳಸಿ 'ರೋಡ್‌ರನ್ನರ್' ಮಹಾಗಣಕವನ್ನು ಲಾಸ್ ಅಲಮೋಸ್ ಪ್ರಯೋಗಾಲಯಕ್ಕೆ ಕಟ್ಟಿಕೊಟ್ಟಿತು. 2008ರ ಮೇ ತಿಂಗಳಲ್ಲಿ ಅದು ಲಿನ್‌ಪ್ಯಾಕ್ ಪರೀಕ್ಷೆಯಲ್ಲಿ ಸೆಕೆಂಡಿಗೆ ಹತ್ತು ಕೋಟಿ ಕೋಟಿ ಕ್ರಿಯೆಗಳ ಗಡಿ ದಾಟಿತು. ಪೆಟಾಫ್ಲಾಪ್ ಎಂದು ಕರೆಯುವ ಈ ಗಡಿಯನ್ನು ದಾಟಿದ ಮೊದಲ ಯಂತ್ರ ಅದು. 2013ರ ಮಾರ್ಚ್ 31ರಂದು ಅದನ್ನು ನಿಲ್ಲಿಸಲಾಯಿತು.

ಮುಚ್ಚಿದ ಬಾಗಿಲು

ಇಷ್ಟರಲ್ಲಿ ಆಟದ ಪೆಟ್ಟಿಗೆಯ ಕಥೆ ಬೇರೆ ತಿರುವು ಪಡೆದಿತ್ತು. 2009ರಲ್ಲಿ ಬಂದ ತೆಳುವಾದ ಹೊಸ ಮಾದರಿಯಲ್ಲಿ ಲಿನಕ್ಸಿಗೆ ಅವಕಾಶವಿರಲಿಲ್ಲ. 2010ರ ಆರಂಭದಲ್ಲಿ ಒಬ್ಬ ತರುಣ, ಲಿನಕ್ಸಿನ ಮೂಲಕ ಕಂಪನಿಯ ಕಾವಲನ್ನು ಭೇದಿಸಿದ್ದಾಗಿ ಹೇಳಿದ. 2010ರ ಏಪ್ರಿಲ್ 1ರಂದು ಸೋನಿ ಭದ್ರತೆಯ ಕಾರಣ ನೀಡಿ, ಹಳೆಯ ಪೆಟ್ಟಿಗೆಗಳಿಂದಲೂ ಈ ಸೌಲಭ್ಯವನ್ನು ತೆಗೆದುಹಾಕುವ ಪರಿಷ್ಕೃತ ತಂತ್ರಾಂಶವನ್ನು ಬಿಡುಗಡೆ ಮಾಡಿತು. ಅದನ್ನು ಹಾಕಿಕೊಂಡವರಿಗೆ ಲಿನಕ್ಸ್ ಇಲ್ಲ. ಹಾಕಿಕೊಳ್ಳದವರಿಗೆ ಕಂಪನಿಯ ಆಟದ ಜಾಲ ಇಲ್ಲ, ಹೊಸ ಆಟಗಳೂ ಇಲ್ಲ. ದುಡ್ಡು ಕೊಟ್ಟು ಕೊಂಡ ಪೆಟ್ಟಿಗೆಯಲ್ಲಿ ಎರಡು ಗುಣಗಳಿದ್ದವು. ಈಗ ಒಂದನ್ನು ಆರಿಸಿಕೊಳ್ಳಬೇಕಾಯಿತು. ಪೆಟ್ಟಿಗೆಗಳನ್ನು ಜೋಡಿಸಿ ಸಂಶೋಧನೆ ಮಾಡುತ್ತಿದ್ದವರಿಗೆ ಇನ್ನೊಂದು ಚಿಂತೆ. ಇದ್ದವು ನಡೆಯುತ್ತವೆ, ಆದರೆ ಒಂದು ಕೆಟ್ಟರೆ ಅದರ ಜಾಗಕ್ಕೆ ತರುವುದು ಎಲ್ಲಿಂದ?

ಕೊಂಡವರು ಅಮೆರಿಕದ ನ್ಯಾಯಾಲಯಕ್ಕೆ ಹೋದರು. ಎಂಟು ವರ್ಷಗಳ ನಂತರ, 2018ರಲ್ಲಿ, 37.5 ಲಕ್ಷ ಡಾಲರುಗಳ ಒಪ್ಪಂದದೊಂದಿಗೆ ಪ್ರಕರಣ ಮುಗಿಯಿತು. ಕಂಪನಿಯ ಪಕ್ಷದಲ್ಲೂ ಮಾತಿಲ್ಲದಿಲ್ಲ. ಆಟಗಳ ನಕಲು ಹೆಚ್ಚಿದರೆ ಆಟ ಬರೆದವರ ಹೊಟ್ಟೆಗೆ ಪೆಟ್ಟು ಬೀಳುತ್ತದೆ ಎಂಬುದು ನಿಜ. ಆದರೂ ಒಂದು ಪ್ರಶ್ನೆ ಉಳಿಯಿತು. ಎತ್ತು ಕೊಂಡು ಮನೆಗೆ ತಂದ ಮೇಲೆ, ಮಾರಿದವನು ಬಂದು ಇದನ್ನು ಬಂಡಿಗೆ ಕಟ್ಟಬಹುದು, ನೇಗಿಲಿಗೆ ಕಟ್ಟಕೂಡದು ಎಂದರೆ ನೀವು ಒಪ್ಪುವಿರಾ?

ನಮ್ಮ ನಾಡಿನ ಪ್ರಯತ್ನಗಳು

ಸಿಕ್ಕ ಸಾಮಾನ್ಯ ಬಿಡಿಭಾಗಗಳಿಂದ ದೊಡ್ಡ ಲೆಕ್ಕ ಮಾಡುವ ಹಂಬಲ ಕರ್ನಾಟಕಕ್ಕೆ ಹೊಸದಲ್ಲ. 1986ರಲ್ಲಿ ಬೆಂಗಳೂರಿನ ರಾಷ್ಟ್ರೀಯ ವೈಮಾಂತರಿಕ್ಷ ಪ್ರಯೋಗಾಲಯದಲ್ಲಿ 'ಫ್ಲೋಸಾಲ್ವರ್' ಎಂಬ ಯಂತ್ರ ಸಿದ್ಧವಾಯಿತು. ಹಲವು ಪ್ರೊಸೆಸರುಗಳು ಒಟ್ಟಿಗೆ ದುಡಿಯುವ ಭಾರತದ ಮೊದಲ ಗಣಕವೆಂದು ಅದನ್ನು ಗುರುತಿಸಲಾಗಿದೆ. 2001ರಲ್ಲಿ ಭಾರತೀಯ ವಿಜ್ಞಾನ ಸಂಸ್ಥೆಯ ಅಧ್ಯಾಪಕರು ಸೇರಿ ಲಿನಕ್ಸಿನಿಂದ ನಡೆಯುವ ಕೈಗಣಕ 'ಸಿಂಪ್ಯೂಟರ್' ಅನ್ನು ಜಗತ್ತಿಗೆ ತೋರಿಸಿದರು. ಅದು ನಿರೀಕ್ಷಿಸಿದಷ್ಟು ಜನರ ಕೈ ಸೇರಲಿಲ್ಲ. ಆದರೆ ಓದು ಬಾರದವರಿಗೂ ಗಣಕ ಎಂಬ ಅದರ ಆಶಯ ಸಣ್ಣದಾಗಿರಲಿಲ್ಲ. 2022ರಲ್ಲಿ ಅದೇ ಸಂಸ್ಥೆಯಲ್ಲಿ ಸ್ಥಾಪಿತವಾದ 'ಪರಮ್ ಪ್ರವೇಗ'ದ ಸಾಮರ್ಥ್ಯ 3.3 ಪೆಟಾಫ್ಲಾಪ್, ಅಂದರೆ ಒಂದು ಕಾಲದ ರೋಡ್‌ರನ್ನರ್ ದಾಟಿದ ಗಡಿಯ ಮೂರು ಪಟ್ಟಿಗೂ ಮಿಗಿಲು. ಅದೂ ಲಿನಕ್ಸಿನಿಂದಲೇ ನಡೆಯುತ್ತದೆ.

ಓದುಗರೇ, ಇಂದು ಸೇಡಂನ ಅಂಗಡಿಯಲ್ಲಿ ಮೊಬೈಲ್ ಕೊಳ್ಳುವಾಗಲೂ ಬೆಂಚ್‌ಮಾರ್ಕ್ ಅಂಕಿಯೊಂದನ್ನು ನಿಮ್ಮ ಮುಂದೆ ಹಿಡಿಯುತ್ತಾರೆ. ಬೆಳ್ಳಗಿರುವುದೆಲ್ಲ ಹಾಲಲ್ಲ ಎಂಬ ಮಾತನ್ನು ನೆನಪಿಟ್ಟು ಮೂರು ಪ್ರಶ್ನೆ ಕೇಳಿ. ಇದನ್ನು ಅಳೆದವರು ಯಾರು, ಮಾರುವವರೋ ಬೇರೆಯವರೋ? ಅಳೆದ ಕೆಲಸಕ್ಕೂ ನಾನು ಮಾಡಿಸುವ ಕೆಲಸಕ್ಕೂ ಸಂಬಂಧವಿದೆಯೇ? ಇಂದು ಇದರಲ್ಲಿರುವ ಗುಣ ನಾಳೆಯೂ ನನ್ನದಾಗಿಯೇ ಇರುತ್ತದೆಯೇ? ಮೊದಲ ಎರಡನ್ನು ತೂಕದ ಕಟ್ಟೆಯ ಮುಂದೆ ನಿಂತ ರೈತ ಹಿಂದಿನಿಂದಲೂ ಕೇಳುತ್ತ ಬಂದಿದ್ದಾನೆ. ಮೂರನೆಯದನ್ನು ನಮಗೆ ಕಲಿಸಿದ್ದು ಒಂದು ಆಟದ ಪೆಟ್ಟಿಗೆ.